ಕಾಗದದ ಮೇಲಿನ ಪಗಾರ

ನಮ್ಮ ಹಾವೇರಿ ಕಡೆ ಗಂಡಿನವರನ್ನು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಒಂದು ಹೊಸದು ಸೇರಿಕೊಂಡಿದೆ. ಬೆಡಗು ಯಾವುದು, ಹೊಲ ಎಷ್ಟು ಎಕರೆ, ಅಕ್ಕ-ತಂಗಿಯರ ಮದುವೆ ಆಗಿದೆಯಾ ಎಂಬುದೆಲ್ಲ ಮುಗಿದ ಮೇಲೆ ಹೆಣ್ಣಿನ ತಂದೆ ಸ್ವಲ್ಪ ಮುಂದೆ ಬಾಗಿ, "ಹುಡುಗನ ಐ-140 ಆಗೇತೇನ್ರಿ?" ಅಂತ ಕೇಳುತ್ತಾರೆ. ಆಗಿದೆ ಅಂದರೆ ಎಲ್ಲರ ಮುಖ ಅರಳುತ್ತದೆ. ಆ ಕಾಗದದಲ್ಲಿ ಒಂದು ಪಗಾರ ಬರೆದಿರುತ್ತದೆ. ಅದಕ್ಕೂ ಹುಡುಗನ ಬ್ಯಾಂಕಿಗೆ ತಿಂಗಳಾ ಬೀಳುವ ಪಗಾರಕ್ಕೂ ಏನು ಸಂಬಂಧ, ಅದನ್ನು ಯಾರು ಯಾವಾಗಿನಿಂದ ಕೊಡಬೇಕು ಅನ್ನುವುದು ಕೇಳಿದವರಿಗೆ ಗೊತ್ತಿರುವುದಿಲ್ಲ. ಎಷ್ಟೋ ಸಲ ಹುಡುಗನಿಗೂ ಗೊತ್ತಿರುವುದಿಲ್ಲ.

ನಾನು ಬ್ಯಾಡಗಿಯವಳು. ಹಾವೇರಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲಿ ನಾಲ್ಕು ವರ್ಷ ದುಡಿದು, ಈಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಕೆಲಸ ಪೇರೋಲ್ ಸಾಫ್ಟ್‌ವೇರ್‌ನದು, ಅಂದರೆ ಬೇರೆಯವರ ಪಗಾರದ ಲೆಕ್ಕ ಸರಿ ಬರುತ್ತದೋ ಇಲ್ಲವೋ ನೋಡುವುದು. ಹಾಗಾಗಿ ಪಗಾರದ ಪ್ರಶ್ನೆ ಎದ್ದರೆ ಬಳಗದವರೆಲ್ಲ ನನಗೇ ಫೋನ್ ಹಚ್ಚುತ್ತಾರೆ. ಈ ವರ್ಷ ಮಾರ್ಚ್‌ನಲ್ಲಿ ರಾಣೆಬೆನ್ನೂರಿನ ನಮ್ಮ ಕಾಕಾ ಮಾಡಿದ ಫೋನ್ ಮಾತ್ರ ಬೇರೆ ಥರದ್ದಾಗಿತ್ತು.

"ಯವ್ವಾ, ತಮ್ಮಗ ಆರು ಲಕ್ಷ ಕಳಸಬೇಕಂತ. ನಿಮ್ಮ ಕಾಕೂನ ಪಾಟ್ಲಿ, ಬಿಲ್ವಾರ ಬ್ಯಾಂಕಿನ್ಯಾಗ ಇಡಾಕ ತಗದೀವಿ. ಕಳಸಲೋ ಬ್ಯಾಡೋ, ನೀ ಹೇಳು."

ತಮ್ಮ ಅಂದರೆ ಕಾಕಾನ ಮಗ. ನ್ಯೂಜೆರ್ಸಿಯಲ್ಲಿ ಮೂವತ್ತು-ನಲವತ್ತು ಜನರ ಒಂದು ಸಣ್ಣ ಕನ್ಸಲ್ಟಿಂಗ್ ಕಂಪನಿಯಲ್ಲಿದ್ದ. ಕಂಪನಿ ತನ್ನವರನ್ನು ದೊಡ್ಡ ಕಂಪನಿಗಳ ಪ್ರಾಜೆಕ್ಟಿಗೆ ಕಳಿಸಿ, ಅಲ್ಲಿಂದ ಬಂದ ದುಡ್ಡಲ್ಲಿ ತನ್ನ ಪಾಲು ಇಟ್ಟುಕೊಂಡು ಪಗಾರ ಕೊಡುತ್ತದೆ. ಜನವರಿ ಮೊದಲ ವಾರ ಅವನ ಪ್ರಾಜೆಕ್ಟ್ ಮುಗಿಯಿತು. ಅಲ್ಲಿಂದ ಬೆಂಚ್. ಬೆಂಚ್ ಅಂದರೆ ಕೆಲಸ ಇಲ್ಲದೆ ಮುಂದಿನ ಪ್ರಾಜೆಕ್ಟಿಗೆ ಕಾಯುವುದು. ಪಗಾರ ನಿಂತಿತು. ಕಂಪನಿಯವರು ಹೇಳಿದ್ದು ಇಷ್ಟು: "ನಿನ್ನ ಗ್ರೀನ್ ಕಾರ್ಡ್ ಫೈಲ್ ನಡೆದಿದೆ, ಪೇಸ್ಲಿಪ್ ಇಲ್ಲದಿದ್ದರೆ ಅದು ಕೆಡುತ್ತದೆ. ನೀನೇ ದುಡ್ಡು ಹಾಕು, ನಾವು ಟ್ಯಾಕ್ಸ್ ಹಿಡಿದುಕೊಂಡು ಅದನ್ನೇ ನಿನಗೆ ಪಗಾರ ಅಂತ ವಾಪಸ್ ಕೊಡುತ್ತೇವೆ."

ತನ್ನ ಪಗಾರ ತಾನೇ ಕೊಟ್ಟುಕೊಳ್ಳುವುದು! ಹೊರಗಿನವರಿಗೆ ನಗು ಬರಬಹುದು, ಆದರೆ ಇಲ್ಲಿ ಈ ಮಾತು ಕೇಳದ ಕನ್ನಡದ ಹುಡುಗರು ಕಡಿಮೆ. ಎರಡು ತಿಂಗಳು ಅವನು ಉಳಿತಾಯದಲ್ಲಿ ಬಾಡಿಗೆ ಕಟ್ಟಿ, ಮೂರನೆಯ ತಿಂಗಳಿಗೆ ಅಪ್ಪನಿಗೆ ಫೋನ್ ಮಾಡಿದ್ದ.

ನಾನು ಕಾಕಾಗೆ ಮೊದಲು ಹೇಳಿದ್ದು, ಕಾಕೂನ ಬಂಗಾರ ವಾಪಸ್ ಕಪಾಟಿಗೆ ಇಡ್ರಿ ಅಂತ. ಆಮೇಲೆ ಯಾಕೆ ಅಂತ ಬಿಡಿಸಿ ಹೇಳಬೇಕಾಯಿತು.

ಇದರಲ್ಲಿ ಎರಡು ಪಗಾರಗಳಿವೆ. ಒಂದು ಎಚ್-1ಬಿ ವೀಸಾದ ಪಗಾರ, ಇನ್ನೊಂದು ಗ್ರೀನ್ ಕಾರ್ಡಿನ ಪಗಾರ. ನಮ್ಮವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಮೋಸ ಮಾಡುವವರಿಗೆ ಅಷ್ಟೇ ಸಾಕು.

ಎಚ್-1ಬಿ ಪಗಾರ ಇವತ್ತಿನದು. ವೀಸಾ ಕೇಳುವ ಮೊದಲು ಕಂಪನಿ ಅಮೆರಿಕದ ಕಾರ್ಮಿಕ ಇಲಾಖೆಗೆ ಎಲ್‌ಸಿಎ ಎಂಬ ಕಾಗದ ಸಲ್ಲಿಸುತ್ತದೆ. ಆ ಊರಲ್ಲಿ ಆ ಕೆಲಸಕ್ಕೆ ನಡೆಯುತ್ತಿರುವ ಪಗಾರ ಒಂದು, ಅದೇ ಕೆಲಸ ಮಾಡುವ ತನ್ನ ಬೇರೆ ನೌಕರರಿಗೆ ಕಂಪನಿ ಕೊಡುತ್ತಿರುವ ಪಗಾರ ಇನ್ನೊಂದು. ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡುತ್ತೇನೆ ಅಂತ ಅದರಲ್ಲಿ ಬರೆದುಕೊಡಬೇಕು. ಕೆಲಸ ಇಲ್ಲ, ಪ್ರಾಜೆಕ್ಟ್ ಸಿಕ್ಕಿಲ್ಲ ಅಂತ ಆ ಪಗಾರ ನಿಲ್ಲಿಸುವಂತಿಲ್ಲ. ನೌಕರ ತಾನಾಗಿ ರಜೆ ಹಾಕಿ ಊರಿಗೆ ಹೋದರೆ ಬೇರೆ ಮಾತು. ಕಂಪನಿ ಕೆಲಸ ಕೊಡದೆ ಕೂರಿಸಿದರೆ ಕೂತ ದಿನಕ್ಕೂ ಪೂರ್ತಿ ಪಗಾರ. ನಮ್ಮ ತಮ್ಮನಿಗೆ ನಿಂತಿದ್ದು ಈ ಪಗಾರ. ಕೊಡಬೇಕಾದದ್ದು ಕಂಪನಿ. ನೌಕರನಿಂದಲೇ ದುಡ್ಡು ತಗೊಂಡು ಅವನಿಗೇ ತಿರುಗಿಸಿ ಕೊಟ್ಟರೆ ಕಾನೂನಿನ ಕಣ್ಣಲ್ಲಿ ಅದು ಪಗಾರ ಕೊಟ್ಟಂತೆ ಅಲ್ಲವೇ ಅಲ್ಲ.

ಗ್ರೀನ್ ಕಾರ್ಡಿನ ಪಗಾರ ಮುಂದಿನದು. ಇದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದಾಗ ಕಾಕಾನ ಸೀಡ್ಸ್ ಪ್ಲಾಟೇ ನೆನಪಾಯಿತು. ರಾಣೆಬೆನ್ನೂರು ಸುತ್ತಮುತ್ತ ಹತ್ತಿ, ತರಕಾರಿಯ ಹೈಬ್ರಿಡ್ ಬೀಜ ಮಾಡಿ ಕಂಪನಿಗೆ ಕೊಡುವವರು ಬಹಳ. ಬಿತ್ತುವ ಮೊದಲೇ ಕಂಪನಿಯವರು ಕಿಲೋಗೆ ಇಷ್ಟು ಅಂತ ದರ ಹೇಳುತ್ತಾರೆ. ಕ್ರಾಸಿಂಗ್‌ಗೆ ಆಳು ಹಚ್ಚಿ, ಬೀಜ ಬಿಡಿಸಿ, ಒಣಗಿಸಿ ಕೊಟ್ಟ ಮೇಲೂ ಪೂರ್ತಿ ದುಡ್ಡು ಬರುವುದಿಲ್ಲ. ಬೀಜ ಪರೀಕ್ಷೆಯಲ್ಲಿ ಪಾಸಾಗಬೇಕು, ಅದಕ್ಕೆ ತಿಂಗಳುಗಟ್ಟಲೆ. ಪಾಸಾದ ಮೇಲೆ, ಮೊದಲು ಹೇಳಿದ ದರದಲ್ಲಿ ಲೆಕ್ಕ.

"ಕಾಕಾ, ಗ್ರೀನ್ ಕಾರ್ಡಿನ ಪಗಾರ ಅಂದ್ರ ಆ ದರ ಇದ್ದಂಗ. ಕಾರ್ಡ್ ಕೈಗೆ ಬಂದ ಮ್ಯಾಲೆ ಕೊಡ್ತೀನಿ ಅಂತ ಬರೆದ ದರ. ಅಲ್ಲೀತನ ಅಷ್ಟು ಕೊಡಬೇಕು ಅಂತಿಲ್ಲ."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ ಪ್ರಶ್ನೆ, ಎಷ್ಟೋ ವರ್ಷ ಇಲ್ಲಿದ್ದವರೂ ಕೇಳದಂಥದ್ದು. "ಹಂಗಾರ ಅಲ್ಲೀತನ ಕಂಪನಿ ದಿವಾಳಿ ಎದ್ರ? ಆ ದರ ಕೊಡಾಕ ಅವರ ಕಡೆ ರೊಕ್ಕ ಐತೋ ಇಲ್ಲೋ ಯಾರ ನೋಡ್ತಾರ?"

ನೋಡುವವರಿದ್ದಾರೆ.

ನನ್ನದೇ ಉದಾಹರಣೆ ಹೇಳುತ್ತೇನೆ. ನನ್ನ ಗ್ರೀನ್ ಕಾರ್ಡ್ ಕೆಲಸ ಶುರುವಾದದ್ದು 2018ರಲ್ಲಿ. ಮೊದಲ ಮೆಟ್ಟಿಲು ಪರ್ಮ್. ಈ ಕೆಲಸಕ್ಕೆ ಅಮೆರಿಕದ ಅರ್ಹ ಜನ ಸಿಗಲಿಲ್ಲ, ಹೊರಗಿನವರನ್ನು ಇಟ್ಟುಕೊಂಡರೆ ಇಲ್ಲಿನವರ ಪಗಾರಕ್ಕೆ ಪೆಟ್ಟು ಬೀಳುವುದಿಲ್ಲ ಅಂತ ಕಾರ್ಮಿಕ ಇಲಾಖೆಯಿಂದ ಪ್ರಮಾಣಪತ್ರ ಪಡೆಯುವುದು. ಅದಕ್ಕೂ ಮುಂಚೆ ಇಲಾಖೆಯೇ ಆ ಊರಿಗೆ, ಆ ಹುದ್ದೆಗೆ ನಡೆಯುವ ಪಗಾರ ಎಷ್ಟು ಅಂತ ತೀರ್ಮಾನಿಸಿ ಹೇಳುತ್ತದೆ. ಅದೇ ಪ್ರಿವೇಲಿಂಗ್ ವೇಜ್. ಅದರಲ್ಲಿ ನಾಲ್ಕು ಹಂತ: ಹೊಸಬರಿಂದ ಹಿಡಿದು ಪೂರ್ತಿ ಅನುಭವಿಗಳವರೆಗೆ. ಕಂಪನಿ ಅದಕ್ಕಿಂತ ಒಂದು ಡಾಲರ್ ಕಡಿಮೆ ಬರೆಯುವಂತಿಲ್ಲ. ಮೊದಲು ನೂರಕ್ಕೆ ತೊಂಬತ್ತೈದರಷ್ಟು ಇದ್ದರೂ ನಡೆಯುತ್ತಿತ್ತು, 2004ರ ಕಾನೂನು ಆ ಸಡಿಲನ್ನು ತೆಗೆದುಹಾಕಿತು. 2020ರ ಅಕ್ಟೋಬರಿನಲ್ಲಂತೂ ಸರಕಾರ ನಾಲ್ಕೂ ಹಂತಗಳನ್ನು ರಾತ್ರೋರಾತ್ರಿ ಬಹಳ ಮೇಲಕ್ಕೆ ಏರಿಸಿತ್ತು. ಡಿಸೆಂಬರಿನಲ್ಲಿ ಕೋರ್ಟ್ ಅದನ್ನು ರದ್ದು ಮಾಡುವವರೆಗೆ ಇಲ್ಲಿನ ವಾಟ್ಸಾಪ್ ಗುಂಪುಗಳಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಪರ್ಮ್‌ನಲ್ಲಿ ಒಂದು ವಿಚಿತ್ರ ನಿಯಮ ಇದೆ. ಹುದ್ದೆಯ ವಿವರ, ಪಗಾರ ಎರಡನ್ನೂ ಬರೆದು ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಕಡೆ ಹತ್ತು ಕೆಲಸದ ದಿನ ನೋಟಿಸ್ ಅಂಟಿಸಬೇಕು. ನಮ್ಮಲ್ಲಿ ಅದನ್ನು ಅಂಟಿಸಿದ್ದು ಊಟದ ಕೋಣೆಯಲ್ಲಿ, ಮೈಕ್ರೋವೇವ್ ಪಕ್ಕ. ಹೆಸರಿರಲಿಲ್ಲ, ಆದರೆ ಆ ಹುದ್ದೆಯಲ್ಲಿದ್ದ ಪರದೇಶದವಳು ನಾನೊಬ್ಬಳೇ. ಎರಡು ವಾರ ಅನ್ನ-ಸಾರು ಬಿಸಿ ಮಾಡಲು ಹೋದಾಗೆಲ್ಲ ನನ್ನ ಪಗಾರ ನನ್ನನ್ನೇ ನೋಡುತ್ತಿತ್ತು. ಸಹೋದ್ಯೋಗಿಯೊಬ್ಬ "ಓ, ನಿನಗೆ ಇಷ್ಟಾ?" ಅಂದ. ನನಗೆ ಅಷ್ಟು ಬರುತ್ತಿರಲಿಲ್ಲ! ಅದು ಕಾರ್ಡ್ ಬಂದ ಮೇಲಿನದು ಅಂತ ಅವನಿಗೆ ತಿಳಿಸಿ ಹೇಳುವುದರಲ್ಲಿ ಸಾರು ಮತ್ತೆ ತಣ್ಣಗಾಗಿತ್ತು.

ಪರ್ಮ್ ಅರ್ಜಿ ಇಲಾಖೆಗೆ ಮುಟ್ಟಿದ ದಿನವೇ ನಮ್ಮ ಪ್ರಿಯಾರಿಟಿ ಡೇಟ್, ಸಾಲಿನಲ್ಲಿ ನಮ್ಮ ನಂಬರು. ಕಾಕಾನ ಪ್ರಶ್ನೆಗೆ ಉತ್ತರ ಇರುವುದು ಇದರ ಮುಂದಿನ ಮೆಟ್ಟಿಲಾದ ಐ-140ರಲ್ಲಿ. ಪ್ರಿಯಾರಿಟಿ ಡೇಟ್‌ನಿಂದ ಹಿಡಿದು ನೌಕರನ ಕೈಗೆ ಗ್ರೀನ್ ಕಾರ್ಡ್ ಬರುವ ದಿನದವರೆಗೆ, ಬರೆದ ಪಗಾರ ಕೊಡುವ ತಾಕತ್ತು ತನಗಿದೆ ಅಂತ ಕಂಪನಿ ತೋರಿಸಬೇಕು. ಕೊಡಬೇಕಾಗಿಲ್ಲ, ಕೊಡಬಲ್ಲೆ ಅಂತ ತೋರಿಸಬೇಕು. ಆದಾಯ ತೆರಿಗೆಯ ಕಾಗದ, ಆಡಿಟ್ ಆದ ಲೆಕ್ಕ ಅಥವಾ ವಾರ್ಷಿಕ ವರದಿ ಇಡಬೇಕು. ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಯಾದರೆ ಹಣಕಾಸು ಅಧಿಕಾರಿಯ ಒಂದು ಪತ್ರವನ್ನೂ ಒಪ್ಪಬಹುದು.

ವಲಸೆ ಇಲಾಖೆಯವರು ಲೆಕ್ಕ ನೋಡುವ ರೀತಿ ಬ್ಯಾಡಗಿಯ ನಮ್ಮಪ್ಪನಿಗೆ ಬಹಳ ಹಿಡಿಸಿತು. ಅಪ್ಪ ಮೂವತ್ತು ವರ್ಷ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಮೊದಲು, ಕಂಪನಿ ಈಗಾಗಲೇ ಅಷ್ಟು ಪಗಾರ ಕೊಡುತ್ತಿದೆಯಾ ನೋಡುತ್ತಾರೆ. ಇಲ್ಲದಿದ್ದರೆ ಕೊಡುತ್ತಿರುವುದಕ್ಕೂ ಬರೆದದ್ದಕ್ಕೂ ಇರುವ ಅಂತರ ತುಂಬುವಷ್ಟು ನಿವ್ವಳ ಆದಾಯ ಆ ವರ್ಷ ಇದೆಯಾ ಅಂತ. ಅದೂ ಇಲ್ಲದಿದ್ದರೆ ಕೈಯಲ್ಲಿರುವ ಚಾಲ್ತಿ ಆಸ್ತಿಯಲ್ಲಿ ಚಾಲ್ತಿ ಸಾಲ ಕಳೆದು ಉಳಿದದ್ದು ಸಾಲುತ್ತದಾ ಅಂತ. ನಮ್ಮ ತಮ್ಮನ ಲೆಕ್ಕ ಹೇಳುವುದಾದರೆ, ಅವನ ಕಾಗದದಲ್ಲಿ ವರ್ಷಕ್ಕೆ 1,05,000 ಡಾಲರ್, ಕೈಗೆ ಬರುತ್ತಿದ್ದದ್ದು 82,000. ಅಂತರ 23,000. ಸಣ್ಣದೇ. ಆದರೆ ಅದೇ ಕಂಪನಿ ಇನ್ನೂ ಹತ್ತು ಜನಕ್ಕೆ ಐ-140 ಹಾಕಿದ್ದರೆ ಹತ್ತೂ ಜನರ ಅಂತರವನ್ನು ಕೂಡಿಸಿ ತೋರಿಸಬೇಕು. ಮೂವತ್ತು-ನಲವತ್ತು ಜನರ ಕಂಪನಿಗಳು ಮುಗ್ಗರಿಸುವುದು ಇಲ್ಲಿಯೇ.

"ಒಂದ ವರ್ಷ ಲುಕ್ಸಾನ ಆದ್ರ?" ಅಂತ ಅಪ್ಪ ಕೇಳಿದರು. ಪೇಟೆಯವರ ಪ್ರಶ್ನೆ. 2024ರ ಮಾರ್ಚ್ 11ರಂದು ದರ ಕುಸಿದ ಸಿಟ್ಟಿಗೆ ಬ್ಯಾಡಗಿ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೂ ನೆನಪಿರಬಹುದು. ಅವತ್ತು ಸಂಜೆ ಅಪ್ಪ ಫೋನಿನಲ್ಲಿ ಹೇಳಿದ್ದು ಬೆಂಕಿಯ ಸುದ್ದಿಗಿಂತ ಹೆಚ್ಚಾಗಿ, ಯಾವ ಅಂಗಡಿಯವರು ಈ ಪೆಟ್ಟು ತಡೆದು ಮುಂದಿನ ಹಂಗಾಮಿಗೂ ರೈತರ ಲೆಕ್ಕ ಚುಕ್ತಾ ಮಾಡುತ್ತಾರೆ ಅನ್ನುವುದನ್ನು.

ಅವರ ಪ್ರಶ್ನೆಗೆ ಅಮೆರಿಕದಲ್ಲಿ 1967ರ ಒಂದು ತೀರ್ಪು ಇದೆ. ಸೋನೆಗಾವಾ ಪ್ರಕರಣ ಅಂತ ಹೆಸರು. ವಿದೇಶಿ ಕೆಲಸಗಾರರನ್ನು ಬೇಕೆಂದು ಕೇಳಿದ್ದು ಕ್ಯಾಲಿಫೋರ್ನಿಯಾದ ಒಬ್ಬ ಫ್ಯಾಷನ್ ಡಿಸೈನರ್. ಹನ್ನೊಂದು ವರ್ಷದಿಂದ ವ್ಯಾಪಾರ, ವರ್ಷಕ್ಕೆ ಸುಮಾರು ಒಂದು ಲಕ್ಷ ಡಾಲರಿನ ವಹಿವಾಟು. ಅರ್ಜಿ ಹಾಕಿದ ವರ್ಷವೇ ಅಂಗಡಿ ಬೇರೆ ಕಡೆ ಹೋಯಿತು. ಐದು ತಿಂಗಳು ಹಳೆಯ ಜಾಗಕ್ಕೂ ಹೊಸ ಜಾಗಕ್ಕೂ ಎರಡೆರಡು ಬಾಡಿಗೆ, ಸಾಗಣೆಯ ಖರ್ಚು, ಮಧ್ಯೆ ವ್ಯಾಪಾರ ಬಂದ್. ಆ ವರ್ಷದ ಲಾಭ ನೋಡಿದರೆ ಪಗಾರ ಕೊಡುವ ತಾಕತ್ತು ಕಾಣುತ್ತಿರಲಿಲ್ಲ. ಆದರೆ ಅವರ ಕೆಲಸ ಟೈಮ್, ಲುಕ್ ಪತ್ರಿಕೆಗಳಲ್ಲಿ ಬಂದಿತ್ತು, ಮಿಸ್ ಯೂನಿವರ್ಸ್, ಸಿನಿಮಾ ನಟಿಯರು ಗಿರಾಕಿಗಳಾಗಿದ್ದರು, ಕಾಲೇಜುಗಳಲ್ಲಿ ಉಪನ್ಯಾಸ ಕೊಡುತ್ತಿದ್ದರು. ಒಂದು ಕೆಟ್ಟ ವರ್ಷದಿಂದ ಇಂಥವರನ್ನು ಅಳೆಯಬಾರದು ಅಂತ ಅರ್ಜಿ ಒಪ್ಪಿದರು. ಇವತ್ತಿಗೂ ನಷ್ಟದ ವರ್ಷ ಬಂದ ಕಂಪನಿಗಳ ವಕೀಲರು ಹಿಡಿದುಕೊಳ್ಳುವುದು ಈ ತೀರ್ಪನ್ನೇ.

ಅಪ್ಪ ಕೇಳಿ, "ಪತ ನೋಡ್ಯಾರ" ಅಂದರು. ಪತ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಒಂದು ಶಬ್ದ ನನಗಂತೂ ಸಿಕ್ಕಿಲ್ಲ.

ಈ ತಾಕತ್ತಿನ ನಿಯಮ ನಮ್ಮವರಿಗೆ ಬೇರೆಯವರಿಗಿಂತ ಹೆಚ್ಚು ತಟ್ಟುತ್ತದೆ. ಕಾರಣ ಸಾಲಿನ ಉದ್ದ. ನೌಕರಿ ಆಧಾರದ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000, ಒಂದು ದೇಶದವರಿಗೆ ನೂರಕ್ಕೆ ಏಳರ ಮಿತಿ. ಸಣ್ಣ ದೇಶದ ಹುಡುಗನಿಗೆ ಕೆಲವೇ ವರ್ಷಗಳಲ್ಲಿ ಮುಗಿಯುವುದು ನಮಗೆ ಮುಗಿಯುವುದಿಲ್ಲ. 2025ರಲ್ಲಿ ಭಾರತದವರ ಇಬಿ-2 ಸಾಲು 2012-13ರ ತಾರೀಖುಗಳ ಸುತ್ತಲೇ ತೆವಳುತ್ತಿತ್ತು. ಅಂದರೆ ಹನ್ನೆರಡು ವರ್ಷದ ಹಿಂದೆ ಕಾಗದದ ಮೇಲೆ ಬರೆದ ಪಗಾರ, ಹನ್ನೆರಡು ವರ್ಷದಿಂದ ಹಾಗೇ ಕೂತಿದೆ. ಅಷ್ಟೂ ವರ್ಷ ಕಂಪನಿ ಬದುಕಿರಬೇಕು, ತಾಕತ್ತು ಉಳಿದಿರಬೇಕು. ಕಾಯುವವನು ತನ್ನ ಪಗಾರಕ್ಕಿಂತ ಮಾಲೀಕನ ಲಾಭದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಪರಿಸ್ಥಿತಿ ಇದು. ಇದನ್ನು ನ್ಯಾಯ ಅಂತ ನನಗೆ ಅನ್ನಿಸಿಲ್ಲ.

ಖರ್ಚಿನ ವಿಷಯ ಚಿಕ್ಕದು, ಆದರೆ ಇದರಲ್ಲೇ ಹೆಚ್ಚು ದುಡ್ಡು ಹೋಗುತ್ತದೆ. 2007ರ ಜುಲೈ 16ರಿಂದ ಪರ್ಮ್‌ನ ವಕೀಲರ ಫೀ, ಜಾಹೀರಾತಿನ ಖರ್ಚು ಎಲ್ಲವನ್ನೂ ಕಂಪನಿಯೇ ಭರಿಸಬೇಕು. ನೌಕರನ ಕಡೆಯಿಂದ ಕೈಯಲ್ಲಿ ಈಸಿಕೊಳ್ಳುವಂತಿಲ್ಲ, ಪಗಾರದಲ್ಲಿ ಮುರಿದುಕೊಳ್ಳುವಂತಿಲ್ಲ, ಆಮೇಲೆ ವಸೂಲಿ ಮಾಡುವಂತಿಲ್ಲ. ಕೊನೆಯ ಮೆಟ್ಟಿಲಾದ ಐ-485ರ ಖರ್ಚನ್ನು ನೌಕರ ಕೊಡಬಹುದು. ನಮ್ಮ ತಮ್ಮ 2019ರಲ್ಲಿ ಪರ್ಮ್‌ಗೆ ಅಂತ ಐದು ಸಾವಿರ ಡಾಲರ್ ಕೊಟ್ಟಿದ್ದನಂತೆ, ರಶೀದಿ ಇಲ್ಲದೆ. ಅದನ್ನು ಅವನು ನನಗೆ ಹೇಳಿದ್ದು ಈ ಮಾರ್ಚ್‌ನಲ್ಲಿ.

ಇನ್ನು ಕಾಕಾನ ಆರು ಲಕ್ಷದ ಮಾತಿಗೆ ಬರೋಣ. ಕಳಿಸಬೇಡ ಅನ್ನುವುದು ಸುಲಭ, ಆಮೇಲೆ ಹುಡುಗ ಏನು ಮಾಡಬೇಕು? ಪಗಾರ ಕೇಳಿದರೆ ಕಂಪನಿ ಕೆಲಸದಿಂದ ತೆಗೆಯುತ್ತದೆ. ತೆಗೆದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ಅವನ ಪರವಾಗಿ ಅರ್ಜಿ ಹಾಕದಿದ್ದರೆ ದೇಶ ಬಿಡಬೇಕು. ಹೆಂಡತಿ ಏಳು ತಿಂಗಳ ಬಸುರಿ. ಈ ಹೆದರಿಕೆ ಕಂಪನಿಗೆ ಚೆನ್ನಾಗಿ ಗೊತ್ತು, ಅವರ ಧೈರ್ಯವೆಲ್ಲ ಅದರ ಮೇಲೇ ನಿಂತಿರುವುದು.

ನಾನು ಅವನಿಗೆ ಹೇಳಿದ್ದು ಒಂದೇ: ಕಂಪನಿಯ ವಕೀಲರನ್ನು ಕೇಳಬೇಡ, ಅವರು ಕಂಪನಿಯವರು. ನಿನ್ನ ದುಡ್ಡಲ್ಲಿ ಒಂದು ಗಂಟೆ ಬೇರೆ ವಕೀಲರ ಹತ್ತಿರ ಕೂತು ಬಾ. ಹೋಗಿ ಬಂದ. ಅವರು ಅವನ ಕಾಗದ ತಿರುವಿ ನೋಡಿ ಕೇಳಿದ ಮೊದಲ ಪ್ರಶ್ನೆ, ಐ-140 ಒಪ್ಪಿಗೆಯಾಗಿ 180 ದಿನ ದಾಟಿದೆಯಾ ಅಂತ. 2020ರಲ್ಲೇ ಆಗಿತ್ತು. ಹಾಗಿದ್ದರೆ ಕಂಪನಿ ಸಿಟ್ಟಿನಲ್ಲಿ ಅದನ್ನು ವಾಪಸ್ ತಗೊಂಡರೂ, ಮೋಸದ ಅರ್ಜಿ ಅಂತ ಸಾಬೀತಾಗದ ಹೊರತು, ಅವನ ಪ್ರಿಯಾರಿಟಿ ಡೇಟ್ ಹೋಗುವುದಿಲ್ಲ, ಆರು ವರ್ಷ ಮೀರಿದ ಎಚ್-1ಬಿ ಮುಂದುವರಿಸಲೂ ಅದೇ ಆಧಾರವಾಗುತ್ತದೆ. 2017ರ ಜನವರಿಯಿಂದ ನಿಯಮ ಹೀಗಿದೆ. ಹೊಸ ಕಂಪನಿ ಹೊಸದಾಗಿ ಪರ್ಮ್ ಮಾಡಬೇಕು, ಹೊಸ ಪಗಾರ ಬರೆಯಬೇಕು, ತನ್ನ ತಾಕತ್ತು ತೋರಿಸಬೇಕು. ಸಾಲಿನ ನಂಬರು ಮಾತ್ರ ಹಳೆಯದೇ.

ಐದು ವರ್ಷ ಇದು ಗೊತ್ತಿಲ್ಲದೆ ಆ ಕಂಪನಿಗೆ ಅಂಟಿಕೊಂಡಿದ್ದ. ಫೋನಿನಲ್ಲಿ ಅವನು "ಅಕ್ಕಾ, ನಾ ಯಾವಾಗೋ ಹೋಗಬೌದಿತ್ತು" ಅಂದ. ನಾನು ಏನೂ ಅನ್ನಲಿಲ್ಲ.

ಆಮೇಲಿನದೆಲ್ಲ ಬೇಗ ಆಯಿತು. ಏಪ್ರಿಲ್ ಮೂರನೆಯ ವಾರ ಫಿಲಡೆಲ್ಫಿಯಾ ಕಡೆಯ ಒಂದು ಆಸ್ಪತ್ರೆ ಸಮೂಹದ ಐಟಿ ವಿಭಾಗದಲ್ಲಿ ಕೆಲಸ ಸಿಕ್ಕಿತು, ವೀಸಾ ಅಲ್ಲಿಗೆ ಬದಲಾಯಿತು. ಮಗು ಜೂನ್‌ನಲ್ಲಿ ಹುಟ್ಟಿತು, ಹೆಣ್ಣು. ಕಾಕಾ-ಕಾಕು ಅದನ್ನು ಇನ್ನೂ ವಿಡಿಯೋದಲ್ಲಷ್ಟೇ ನೋಡಿದ್ದಾರೆ. ಹೊಸ ಕಂಪನಿ ಪರ್ಮ್ ಶುರು ಮಾಡಿದೆ. ಪ್ರಿವೇಲಿಂಗ್ ವೇಜ್ ಎಷ್ಟು ಬರುತ್ತದೆ ಅಂತ ಕಾಯುತ್ತಿದ್ದಾರೆ.

ಹಳೆಯ ಕಂಪನಿಯ ಬಾಕಿ ಮಾತ್ರ ಹಾಗೇ ಇದೆ. ಜನವರಿಯಿಂದ ಏಪ್ರಿಲ್‌ವರೆಗಿನ ಹದಿನಾಲ್ಕು ವಾರದ ಪಗಾರ ಅವನಿಗೆ ಬರಬೇಕು. ಕಾರ್ಮಿಕ ಇಲಾಖೆಯ ವೇಜ್ ಆ್ಯಂಡ್ ಅವರ್ ವಿಭಾಗಕ್ಕೆ ಡಬ್ಲ್ಯುಎಚ್-4 ಎಂಬ ಫಾರ್ಮ್ ತುಂಬಿ ದೂರು ಕೊಡಬಹುದು. ತಪ್ಪು ನಡೆದ ಹನ್ನೆರಡು ತಿಂಗಳೊಳಗೆ ಕೊಡಬೇಕು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ಕಾನೂನು ತಡೆಯುತ್ತದೆ. ತಮ್ಮ ಫಾರ್ಮ್ ತುಂಬಿ ಇಟ್ಟುಕೊಂಡಿದ್ದಾನೆ, ಕಳಿಸಿಲ್ಲ. ಅವನ ರೂಮಿನಲ್ಲಿದ್ದ ದಾವಣಗೆರೆಯ ಹುಡುಗ ಇನ್ನೂ ಆ ಕಂಪನಿಯಲ್ಲೇ ಇದ್ದಾನೆ, ಅವನ ಐ-140 ಒಪ್ಪಿಗೆಯಾಗಿ 180 ದಿನ ತುಂಬಲು ಇನ್ನೂ ಎರಡು ತಿಂಗಳಿದೆ. ಈಗ ವಿಚಾರಣೆ ಶುರುವಾದರೆ ಅವನ ಫೈಲಿಗೆ ಏನಾಗುತ್ತದೋ ಅಂತ ಇವನಿಗೆ ಚಿಂತೆ. ಆ ಹುಡುಗ, "ನನ್ನ ಸಲುವಾಗಿ ನಿಲ್ಲಿಸಬ್ಯಾಡ" ಅಂದಿದ್ದಾನಂತೆ. ಅಂದದ್ದಕ್ಕೇ ಇವನಿಗೆ ಕಳಿಸಲು ಆಗುತ್ತಿಲ್ಲ.

ಮೊನ್ನೆ ಕಾಕಾ ಮತ್ತೆ ಫೋನ್ ಮಾಡಿದ್ದರು. ಹತ್ತಿಯ ಪ್ಲಾಟಿನಲ್ಲಿ ಕ್ರಾಸಿಂಗ್ ನಡೆದಿದೆ, ಆಳಿನ ಕೂಲಿ ಏರಿದೆ ಅಂತೆಲ್ಲ ಹೇಳಿ, ಕೊನೆಗೆ, "ಆ ಹದಿನಾಕ ವಾರದ್ದು ಕಡೀ ತಾರೀಖ ಯಾವತ್ತು?" ಅಂದರು. ಜನವರಿ ಮೊದಲ ವಾರ ದಾಟುವುದರೊಳಗೆ ಕೊಟ್ಟರೆ ಯಾವ ವಾದಕ್ಕೂ ಜಾಗ ಉಳಿಯುವುದಿಲ್ಲ ಅಂತ ಹೇಳಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ ಅಂದರು. ಹೊಸ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿಲ್ಲವಲ್ಲ ಅಂದರೆ, ಹಳೆಯದರ ಕೊನೆಯ ಹಾಳೆಯ ಹಿಂದೆ ಬರೆದುಕೊಂಡರು.